ಹೊಸ ಜೋಡಿಗೆ ದ್ವೀಪದ ಹನಿಮೂನ್: ದಿನ ಗೊತ್ತು ಮಾಡುವುದರಿಂದ ಮನೆಗೆ ಮರಳುವವರೆಗೆ

ನಮ್ಮ ವಿಮಾನ ಮಾಲ್ಡೀವ್ಸ್‌ನ ರಾಜಧಾನಿ ಮಾಲೆಯಲ್ಲಿ ಇಳಿದಾಗ ಸಂಜೆ ಐದು ದಾಟಿತ್ತು. ಕೈಯಲ್ಲಿ ರೆಸಾರ್ಟಿನ ಬುಕ್ಕಿಂಗ್ ಇತ್ತು, ಅಲ್ಲಿಗೆ ಕರೆದೊಯ್ಯುವ ಸೀಪ್ಲೇನ್, ಅಂದರೆ ನೀರಿನ ಮೇಲೆ ಇಳಿಯುವ ಸಣ್ಣ ವಿಮಾನ, ಇರಲಿಲ್ಲ. ಅಲ್ಲಿ ಸೀಪ್ಲೇನ್ ಹಾರುವುದು ಹಗಲು ಬೆಳಕಿನಲ್ಲಿ ಮಾತ್ರ. ಇದನ್ನು ಟಿಕೆಟ್ ಮಾಡಿಕೊಟ್ಟ ಏಜೆಂಟ್ ಹೇಳಲಿಲ್ಲ, ಕೇಳಬೇಕೆಂದು ನಮಗೆ ಗೊತ್ತಿರಲಿಲ್ಲ. ನಾಲ್ಕು ರಾತ್ರಿಯ ಹನಿಮೂನ್‌ನಲ್ಲಿ ಮೊದಲನೆಯದು ವಿಮಾನ ನಿಲ್ದಾಣದ ಪಕ್ಕದ ಹೋಟೆಲಿನಲ್ಲೇ ಕಳೆಯಿತು. ರೆಸಾರ್ಟಿನ ಆ ರಾತ್ರಿಯ ಬಾಡಿಗೆಯೂ ವಾಪಸ್ ಬರಲಿಲ್ಲ.

ಆಮೇಲೆ ನಾವಿಬ್ಬರೂ ಬೇರೆ ದ್ವೀಪಗಳನ್ನು ನೋಡಿದ್ದೇವೆ. ಗೆಳತಿಯರ, ತಂಗಿಯಂದಿರ ಹನಿಮೂನ್‌ಗೂ ಜೊತೆಯಲ್ಲಿ ಕೂತು ಪ್ಲಾನ್ ಮಾಡಿಕೊಟ್ಟಿದ್ದೇನೆ. ಎಲ್ಲರಿಗೂ ಹೇಳುವುದು ಇದನ್ನೇ: ಒಂದೇ ದ್ವೀಪ, ಒಂದೇ ಕೋಣೆ, ಓಡಾಟ ಕಡಿಮೆ. ಮದುವೆ ಮುಗಿಯುವ ಹೊತ್ತಿಗೆ ಇಬ್ಬರೂ ಜನಜಂಗುಳಿಯಲ್ಲಿ ಬಸವಳಿದಿರುತ್ತೀರಿ. ಆಗ ಐದು ದಿನದಲ್ಲಿ ಮೂರು ದ್ವೀಪ ಸುತ್ತಲು ಹೊರಟರೆ ನೆನಪಿನಲ್ಲಿ ಉಳಿಯುವುದು ಸೂಟ್‌ಕೇಸ್ ಎಳೆದದ್ದು ಮಾತ್ರ. ಕೆಳಗೆ ಬರೆದಿರುವುದೆಲ್ಲ ಈ ಮಾತಿಗೆ ಪೂರಕವಾಗಿಯೇ ಇದೆ.

ಹೆಜ್ಜೆ 1: ಹೊರಡುವ ದಿನ

ಮದುವೆಯ ಮರುದಿನ ಬೆಳಿಗ್ಗೆಯ ವಿಮಾನ ಬೇಡ. ಮೂರು ನಾಲ್ಕು ದಿನ ಬಿಡಿ. ನಿದ್ದೆ ಆಗಲಿ, ಬಂದವರು ಹೊರಡಲಿ, ಬ್ಯಾಗನ್ನು ಸಮಾಧಾನವಾಗಿ ತುಂಬಿಕೊಳ್ಳಿ. ರಜೆ ಹೊಂದದಿದ್ದರೆ ತಿಂಗಳು ಬಿಟ್ಟು ಹೋದರೂ ಹನಿಮೂನ್ ಹನಿಮೂನೇ. ಒಂದು ತಿಂಗಳು ಜೊತೆಗಿದ್ದ ಮೇಲೆ ಹೋದವರಿಗೆ ಪರಸ್ಪರ ಸಂಕೋಚ ಕಡಿಮೆಯಾಗಿರುತ್ತದೆ, ಪ್ರವಾಸ ಹೆಚ್ಚು ಹಿತವಾಗಿರುತ್ತದೆ ಎಂಬುದು ನಾನು ಕಂಡದ್ದು.

ಹೆಣ್ಣುಮಕ್ಕಳು ಇನ್ನೊಂದು ಲೆಕ್ಕವನ್ನೂ ಹಾಕಿಕೊಳ್ಳಬೇಕು, ಅದು ಮುಟ್ಟಿನ ದಿನಗಳದ್ದು. ಹೊರಡುವ ದಿನವನ್ನು ಅದಕ್ಕೆ ತಕ್ಕಂತೆ ಹಿಂದೆ ಮುಂದೆ ಮಾಡಲು ಆದರೆ ಅದೇ ಒಳ್ಳೆಯದು. ಆಗದಿದ್ದರೆ ಮುಟ್ಟು ಮುಂದೂಡುವ ಮಾತ್ರೆಯ ಬಗ್ಗೆ ವೈದ್ಯರನ್ನು ಮದುವೆಗೆ ತಿಂಗಳ ಮೊದಲೇ ಕೇಳಿ. ಸಾಮಾನ್ಯವಾಗಿ ಕೊಡುವ ನೋರೆಥಿಸ್ಟೆರೋನ್ ಮಾತ್ರೆಯನ್ನು ಮುಟ್ಟಿನ ದಿನಕ್ಕೆ ಸುಮಾರು 3 ದಿನ ಮೊದಲೇ ಶುರು ಮಾಡಬೇಕು. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರಿಗೆ ಅದು ಒಗ್ಗುವುದಿಲ್ಲ, ಹಾಗಾಗಿ ಅಂಗಡಿಯಲ್ಲಿ ಕೇಳಿ ತಂದು ನುಂಗುವ ಮಾತ್ರೆ ಅದಲ್ಲ. ಅದು ಗರ್ಭ ನಿಲ್ಲದಂತೆ ತಡೆಯುವುದೂ ಇಲ್ಲ. ಇವೆರಡನ್ನೂ ಒಂದೇ ಎಂದು ತಿಳಿದವರು ಬಹಳ ಮಂದಿ.

ಹೆಜ್ಜೆ 2: ತಿಂಗಳು ನೋಡಿ ದ್ವೀಪ ಆರಿಸಿ

ಹೆಚ್ಚಿನವರು ಫೋಟೊ ನೋಡಿ ದ್ವೀಪ ಆರಿಸುತ್ತಾರೆ, ಆಮೇಲೆ ಅಲ್ಲಿ ಮಳೆಗಾಲ ಎಂದು ತಿಳಿದು ಪೇಚಾಡುತ್ತಾರೆ. ಮದುವೆಯ ತಿಂಗಳು ಮೊದಲೇ ಗೊತ್ತಾಗಿರುತ್ತದಲ್ಲ, ಅಲ್ಲಿಂದ ಶುರು ಮಾಡಿ.

ಡಿಸೆಂಬರಿನಿಂದ ಏಪ್ರಿಲ್‌ವರೆಗೆ ಮಾಲ್ಡೀವ್ಸ್‌ನಲ್ಲಿ ಒಣ ಹವೆ, ಸಮುದ್ರ ಶಾಂತ. ಅಂಡಮಾನ್, ಥಾಯ್ಲೆಂಡಿನ ಫುಕೆಟ್, ಶ್ರೀಲಂಕಾದ ದಕ್ಷಿಣ ಮತ್ತು ಪಶ್ಚಿಮ ಕರಾವಳಿಗಳಿಗೂ ಹೆಚ್ಚುಕಡಿಮೆ ಅದೇ ಒಳ್ಳೆಯ ಕಾಲ. ಮೇ ನಂತರ ನೈಋತ್ಯ ಮುಂಗಾರು ಬಂದರೆ ಇವೆಲ್ಲ ಒದ್ದೆಯಾಗುತ್ತವೆ. ಆಗ ಭೂಮಧ್ಯರೇಖೆಯ ದಕ್ಷಿಣಕ್ಕೆ ನೋಡಿ. ಬಾಲಿಯಲ್ಲಿ ಏಪ್ರಿಲ್‌ನಿಂದ ಅಕ್ಟೋಬರ್‌ವರೆಗೆ ಒಣ ಋತು. ಮಾರಿಷಸ್‌ನಲ್ಲಿ ಮೇ ತಿಂಗಳಿಂದ ತಂಪು ಹವೆ. ಅಲ್ಲಿ ನವೆಂಬರಿನಿಂದ ಏಪ್ರಿಲ್ ತನಕ ಚಂಡಮಾರುತದ ಕಾಲವಾದ್ದರಿಂದ ಆ ತಿಂಗಳುಗಳು ಬೇಡ. ಸೇಶೆಲ್ಸ್‌ನಲ್ಲಿ ಗಾಳಿ ದಿಕ್ಕು ಬದಲಿಸುವ ಏಪ್ರಿಲ್ ಮತ್ತು ಅಕ್ಟೋಬರ್ ಹೊತ್ತಿಗೆ ನೀರು ಅತ್ಯಂತ ತಿಳಿಯಾಗಿರುತ್ತದೆ. ಕೆರಿಬಿಯನ್ ಕಡೆ ಚಂಡಮಾರುತದ ಋತು ಜೂನ್ 1ರಿಂದ ನವೆಂಬರ್ 30. ಅರೂಬಾ, ಬೊನೇರ್, ಕುರಸಾವೋ ದ್ವೀಪಗಳು ಅದರ ಸಾಮಾನ್ಯ ದಾರಿಗಿಂತ ದಕ್ಷಿಣಕ್ಕಿರುವುದರಿಂದ ಆಗಲೂ ಅಲ್ಲಿ ಅಪಾಯ ಕಡಿಮೆ.

ಒಂದೇ ದೇಶದಲ್ಲಿ ಎರಡು ಹವಾಮಾನ ಇರುವುದೂ ಉಂಟು. ಫುಕೆಟ್‌ನಲ್ಲಿ ಮಳೆ ಹೊಯ್ಯುವ ಜುಲೈನಲ್ಲಿ ಅದೇ ಥಾಯ್ಲೆಂಡಿನ ಇನ್ನೊಂದು ಮಗ್ಗುಲಿನ ಕೊ ಸಮುಯಿಯಲ್ಲಿ ಬಿಸಿಲಿರುತ್ತದೆ. ಸಮುಯಿಗೆ ಜೋರು ಮಳೆ ಬರುವುದು ಅಕ್ಟೋಬರ್‌ನಿಂದ ಡಿಸೆಂಬರ್ ಒಳಗೆ. ಶ್ರೀಲಂಕಾದಲ್ಲೂ ಮೇ ಆದ ಮೇಲೆ ಟ್ರಿಂಕೋಮಲಿ ಇರುವ ಪೂರ್ವ ಕರಾವಳಿಯೇ ಸರಿ. ಮಾರಿಷಸ್‌ನಲ್ಲಿ ಜೂನ್‌ನಿಂದ ಆಗಸ್ಟ್‌ವರೆಗೆ ಪೂರ್ವ ತೀರದ ಮೇಲೆ ಗಾಳಿ ಬಲವಾಗಿ ಬೀಸುತ್ತದೆ, ಆಗ ಪಶ್ಚಿಮ ಅಥವಾ ಉತ್ತರದಲ್ಲಿ ಕೋಣೆ ಹಿಡಿಯಿರಿ. ದೇಶದ ಹೆಸರಿನ ಜೊತೆಗೆ ದ್ವೀಪದ ಯಾವ ಮಗ್ಗುಲು ಎಂದು ಕೇಳುವುದು ಇದಕ್ಕೇ.

ಮಾರ್ಚ್ ಸುಮಾರಿಗೆ ಬಾಲಿಗೆ ಹೋಗುವವರು ನ್ಯೆಪಿ ಯಾವತ್ತು ಬರುತ್ತದೆಂದು ನೋಡಿಕೊಳ್ಳಿ. ಬಾಲಿಯವರ ಮೌನದ ದಿನ ಅದು. 24 ಗಂಟೆ ವಿಮಾನ ನಿಲ್ದಾಣವೇ ಮುಚ್ಚಿರುತ್ತದೆ, ಪ್ರವಾಸಿಗಳೂ ಹೋಟೆಲಿನ ಆವರಣ ಬಿಟ್ಟು ಹೊರಗೆ ಕಾಲಿಡುವಂತಿಲ್ಲ. ದೀಪಗಳೆಲ್ಲ ಆರಿದ ಆ ರಾತ್ರಿಯ ಆಕಾಶವನ್ನು ಇಬ್ಬರೇ ನೋಡುವುದಕ್ಕೆಂದೇ ಆ ದಿನ ಹಿಡಿದು ಹೋದರೂ ನಾನು ಬೇಡವೆನ್ನುವುದಿಲ್ಲ. ತಿಳಿಯದೆ ಸಿಕ್ಕಿಹಾಕಿಕೊಳ್ಳಬಾರದು, ಅಷ್ಟೇ.

ಹೆಜ್ಜೆ 3: ನಿಮ್ಮ ಸ್ವಭಾವಕ್ಕೆ ಯಾವ ದ್ವೀಪ?

ಮಾಲ್ಡೀವ್ಸ್ ಹವಳದ ದ್ವೀಪಗಳ ಸಾಲು. ಸುಮಾರು 1,200 ದ್ವೀಪಗಳಿದ್ದರೂ ಬೆಟ್ಟ ಎಂಬುದೇ ಇಲ್ಲ, ಹೆಚ್ಚಿನ ಕಡೆ ಸಮುದ್ರದ ಮಟ್ಟಕ್ಕೆ ಎರಡು ಮೂರು ಮೀಟರಿಗಿಂತ ಎತ್ತರವಿಲ್ಲ. ಮೊದಲ ರೆಸಾರ್ಟ್ ಶುರುವಾದದ್ದು 1972ರಲ್ಲಿ. ಒಂದು ದ್ವೀಪಕ್ಕೆ ಒಂದೇ ರೆಸಾರ್ಟ್ ಎಂಬುದು ಅಲ್ಲಿನ ಪದ್ಧತಿ. ಅರ್ಧ ಗಂಟೆಯಲ್ಲಿ ಸುತ್ತಿ ಮುಗಿಯುವಷ್ಟು ನೆಲ, ಉಳಿದದ್ದೆಲ್ಲ ನೀರು. ಪುಸ್ತಕ ಹಿಡಿದು ಕೂರುವವರಿಗೆ, ಮೀನು ನೋಡುತ್ತ ಮೈಮರೆಯುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ಇಬ್ಬರಲ್ಲಿ ಒಬ್ಬರು ಸುಮ್ಮನೆ ಕೂರಲಾರದವರಾದರೆ ಮೂರನೇ ದಿನಕ್ಕೆ ಚಡಪಡಿಕೆ ಶುರುವಾಗುತ್ತದೆ. ಅಂಥ ಜೋಡಿಗೆ ಬಾಲಿ, ಮಾರಿಷಸ್, ಹವಾಯಿ ತರಹದ ಜ್ವಾಲಾಮುಖಿಯಿಂದ ಎದ್ದ ದ್ವೀಪಗಳೇ ಒಳ್ಳೆಯದು. ಬೆಟ್ಟ, ಜಲಪಾತ, ಕಾಡುದಾರಿ, ಊರು, ಸಂತೆ ಎಲ್ಲ ಇವೆ. ಸೇಶೆಲ್ಸ್‌ನ ಮಾಹೆ, ಪ್ರಾಲಿನ್, ಲಾ ದಿಗ್ ದ್ವೀಪಗಳು ಗ್ರಾನೈಟ್ ಬಂಡೆಯವು. ಲಾ ದಿಗ್‌ನಲ್ಲಿ ಹೆಚ್ಚಿನವರು ಸೈಕಲ್ಲಿನಲ್ಲೇ ತಿರುಗುತ್ತಾರೆ.

ಇದನ್ನು ಗಂಡನೊಬ್ಬನೇ ಅಥವಾ ಹೆಂಡತಿಯೊಬ್ಬಳೇ ತೀರ್ಮಾನಿಸಬೇಡಿ, ‘ಸರ್‌ಪ್ರೈಸ್’ ಕೊಡುವ ಆಸೆಯಿದ್ದರೂ ಬೇಡ. ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ‘ನನಗೆ ಒಂದು ಒಳ್ಳೆಯ ದಿನ ಎಂದರೆ ಹೀಗೆ’ ಎಂದು ಬೆಳಗಿನಿಂದ ರಾತ್ರಿಯವರೆಗೆ ಬರೆಯಿರಿ, ಆಮೇಲೆ ಅದಲುಬದಲು ಮಾಡಿಕೊಂಡು ಓದಿ. ನನ್ನವರು ಬೆಳಿಗ್ಗೆ ಆರಕ್ಕೇ ಎದ್ದು ಈಜಬೇಕೆಂದು ಬರೆದಿದ್ದರು, ನಾನು ಹತ್ತರವರೆಗೆ ಮಲಗಬೇಕೆಂದು. ಹಾಗೆ ತಿಳಿದದ್ದರಿಂದಲೇ ನೀರಿಗೆ ಹತ್ತಿರದ ಕೋಣೆ ಹಿಡಿದೆವು. ಅವರು ಈಜಿ ಬರುವ ಹೊತ್ತಿಗೆ ನಾನು ಏಳುತ್ತಿದ್ದೆ, ಇಬ್ಬರಿಗೂ ಬೇಸರವಿಲ್ಲ.

ಹೆಜ್ಜೆ 4: ದುಡ್ಡು ಕಟ್ಟುವ ಮೊದಲು ಕೇಳಬೇಕಾದ್ದು

ಮೊದಲ ಪ್ರಶ್ನೆ: ವಿಮಾನ ಇಳಿದಲ್ಲಿಂದ ಕೋಣೆಯ ಬಾಗಿಲಿಗೆ ಹೇಗೆ ಹೋಗುವುದು, ಎಷ್ಟು ಹೊತ್ತು, ಅದರ ದುಡ್ಡು ಪ್ಯಾಕೇಜಿನಲ್ಲಿ ಸೇರಿದೆಯೇ? ಸೀಪ್ಲೇನ್ ಆದರೆ ಮಧ್ಯಾಹ್ನ ಮೂರರ ಒಳಗೆ ಮಾಲೆಯಲ್ಲಿ ಇಳಿಯುವ ವಿಮಾನವನ್ನೇ ಹಿಡಿಯಿರಿ. ಮರಳುವಾಗಲೂ ಹಾಗೆ, ಬೆಳಗಿನ ಜಾವದ ವಿಮಾನಕ್ಕೆ ಸೀಪ್ಲೇನ್ ನಂಬಿದರೆ ತಪ್ಪಿಹೋಗುತ್ತದೆ. ಅದರಲ್ಲಿ ಲಗೇಜಿನ ತೂಕಕ್ಕೂ ಮಿತಿ ಇದೆ, ಸಾಮಾನ್ಯವಾಗಿ ತಲೆಗೆ 20 ಕಿಲೋ, ಜೊತೆಗೆ ಕೈಚೀಲ 5 ಕಿಲೋ. ಕೆಲವು ರೆಸಾರ್ಟ್‌ಗಳು ಸಂಜೆಯ ಬೆಳಕು ಉಳಿಸಲು ತಮ್ಮ ಗಡಿಯಾರವನ್ನು ಮಾಲೆಗಿಂತ ಒಂದು ಗಂಟೆ ಮುಂದಿಟ್ಟಿರುತ್ತವೆ. ಹಾಗಾಗಿ ಹೊರಡುವ ಸಮಯ ಯಾವ ಗಡಿಯಾರದ್ದು ಎಂದು ಕೇಳಿಕೊಳ್ಳಿ.

ಎರಡನೆಯದು ‘ಹೌಸ್ ರೀಫ್’. ದಡದಿಂದಲೇ ಈಜಿ ತಲುಪುವಷ್ಟು ಹತ್ತಿರದಲ್ಲಿ ಹವಳದ ದಂಡೆ ಇದೆಯೇ? ಇದ್ದರೆ ಮೀನು ನೋಡಲು ದಿನಾ ದೋಣಿಗೆ ದುಡ್ಡು ಸುರಿಯಬೇಕಿಲ್ಲ.

ಬೆಲೆಯ ಮುಂದೆ ಎರಡು ಪ್ಲಸ್ ಗುರುತು ಕಂಡರೆ ತೆರಿಗೆ, ಸರ್ವಿಸ್ ಚಾರ್ಜ್ ಎರಡೂ ಅದರ ಮೇಲೆ ಬೀಳುತ್ತವೆ ಎಂದರ್ಥ. ಒಟ್ಟು ಮೊತ್ತವನ್ನು ಬರಹದಲ್ಲಿ ತರಿಸಿಕೊಳ್ಳಿ. ಹೊಸದಾಗಿ ಮದುವೆಯಾದವರು ಎಂದು ಬುಕ್ಕಿಂಗ್ ವೇಳೆಯೇ ತಿಳಿಸಿ. ಅನೇಕ ಕಡೆ ಕೋಣೆಯ ಅಲಂಕಾರವೋ ಒಂದು ಹೊತ್ತಿನ ವಿಶೇಷ ಊಟವೋ ಉಚಿತವಾಗಿ ಸಿಗುತ್ತದೆ. ಕೆಲವರು ಮದುವೆಯ ಪ್ರಮಾಣಪತ್ರ ಕೇಳುತ್ತಾರೆ, ಅದರ ಫೋಟೊ ಫೋನಿನಲ್ಲಿರಲಿ.

ನೀರಿನ ಮೇಲಿನ ಮನೆಯೇ ಬೇಕೆ? ಆಸೆ ಇದ್ದರೆ ಕೊನೆಯ ಎರಡು ರಾತ್ರಿ ಅಲ್ಲಿರಿ, ಮೊದಲಿನವು ದಡದ ಕೋಣೆಯಲ್ಲಿ. ಒಂದೇ ಕೋಣೆ ಎಂದ ನಾನೇ ಇದೊಂದು ವಿನಾಯಿತಿ ಕೊಡುತ್ತೇನೆ, ಏಕೆಂದರೆ ಸಾಮಾನನ್ನು ರೆಸಾರ್ಟಿನವರೇ ಸಾಗಿಸುತ್ತಾರೆ. ಈಜು ಬಾರದವರು ಮೆಟ್ಟಿಲು ಇಳಿದ ಕೂಡಲೇ ಆಳ ಎಷ್ಟು ಎಂದು ಮೊದಲೇ ವಿಚಾರಿಸಿ.

ಮಾಲ್ಡೀವ್ಸ್‌ನಲ್ಲಿ ಊರಿನ ಜನ ವಾಸಿಸುವ ದ್ವೀಪಗಳಲ್ಲೂ ಗೆಸ್ಟ್‌ಹೌಸ್‌ಗಳಿವೆ, ಖರ್ಚು ಬಹಳ ಕಡಿಮೆ. ಅಲ್ಲಿ ಮದ್ಯ ಸಿಗುವುದಿಲ್ಲ. ಈಜುಡುಗೆಯಲ್ಲಿರಲು ಪ್ರವಾಸಿಗಳಿಗೆಂದೇ ಬಿಟ್ಟ ಬೀಚ್ ಇರುತ್ತದೆ, ಊರೊಳಗೆ ಮೈಮುಚ್ಚುವ ಬಟ್ಟೆ ಬೇಕು.

ಹೆಜ್ಜೆ 5: ಕಾಗದಪತ್ರ

ಮದುವೆಯ ನಂತರ ಹೆಸರು ಬದಲಿಸುವವರು ಎಚ್ಚರವಾಗಿರಬೇಕಾದ ಜಾಗ ಇದು. ಟಿಕೆಟ್ಟಿನ ಹೆಸರು ಪಾಸ್‌ಪೋರ್ಟಿನ ಹೆಸರಿಗೆ ಅಕ್ಷರಕ್ಕೆ ಅಕ್ಷರ ಹೊಂದಬೇಕು. ಹನಿಮೂನ್ ಮುಗಿಯುವವರೆಗೆ ಹಳೆಯ ಹೆಸರಿನಲ್ಲೇ ಎಲ್ಲ ಮಾಡಿ, ಬದಲಾವಣೆಯನ್ನು ಊರಿಗೆ ಮರಳಿದ ಮೇಲೆ ನೋಡಿಕೊಳ್ಳಿ. ಪಾಸ್‌ಪೋರ್ಟಿಗೆ ಇನ್ನೂ ಆರು ತಿಂಗಳ ಅವಧಿ ಬಾಕಿ ಇರಬೇಕೆಂದು ಇಂಡೋನೇಷ್ಯಾದಂಥ ದೇಶಗಳು ಕೇಳುತ್ತವೆ. ಮಾಲ್ಡೀವ್ಸ್‌ಗೆ ಹೋಗುವವರು ಹೊರಡುವ ಮುಂಚಿನ 96 ಗಂಟೆಯೊಳಗೆ ‘ಇಮುಗಾ’ ಎಂಬ ಆನ್‌ಲೈನ್ ಫಾರಂ ತುಂಬಬೇಕು. ಇ-ಸಿಗರೇಟ್ ಇದ್ದರೆ ಮನೆಯಲ್ಲೇ ಬಿಟ್ಟು ಹೊರಡಿ, ಥಾಯ್ಲೆಂಡ್, ಮಾಲ್ಡೀವ್ಸ್ ಎರಡೂ ಅದನ್ನು ನಿಷೇಧಿಸಿವೆ. ಟ್ರಾವೆಲ್ ಇನ್ಶೂರೆನ್ಸ್ ತೆಗೆದುಕೊಳ್ಳುವಾಗ ಸ್ಕೂಬಾ ಡೈವಿಂಗ್ (ಗಾಳಿಯ ಸಿಲಿಂಡರ್ ಹೊತ್ತು ನೀರಿನ ಆಳಕ್ಕಿಳಿಯುವುದು), ಸ್ಕೂಟರ್ ಸವಾರಿಗಳಿಗೆ ಅದು ಅನ್ವಯಿಸುತ್ತದೆಯೇ ಎಂದು ಓದಿ.

ಹೆಜ್ಜೆ 6: ಬ್ಯಾಗು ಮತ್ತು ಔಷಧ

ಬಟ್ಟೆ ನೀವು ಎಣಿಸಿದ್ದರ ಅರ್ಧ ಸಾಕು. ಈಜುಡುಗೆ ಮಾತ್ರ ತಲಾ ಎರಡು ಇರಲಿ, ಒಂದು ಒಣಗುವಷ್ಟರಲ್ಲಿ ಇನ್ನೊಂದು. ಒದ್ದೆ ಈಜುಡುಗೆಯಲ್ಲೇ ಗಂಟೆಗಟ್ಟಲೆ ಕೂತರೆ ಹೆಣ್ಣುಮಕ್ಕಳಿಗೆ ಯೀಸ್ಟ್ ಸೋಂಕು ತಗಲುವುದು ಸುಲಭ.

ಮದುವೆಯಾದ ಹೊಸತರಲ್ಲಿ ಉರಿಮೂತ್ರ ಕಾಡುವುದು ಎಷ್ಟು ಸಾಮಾನ್ಯವೆಂದರೆ ವೈದ್ಯರ ನಡುವೆ ಅದಕ್ಕೆ ‘ಹನಿಮೂನ್ ಸಿಸ್ಟೈಟಿಸ್’ ಎಂಬ ಹೆಸರೇ ಇದೆ. ಚೆನ್ನಾಗಿ ನೀರು ಕುಡಿಯುವುದು, ಮಿಲನದ ನಂತರ ಮೂತ್ರ ಮಾಡುವುದು, ಈ ಎರಡು ಅಭ್ಯಾಸದಿಂದ ಬಹಳಷ್ಟು ತಪ್ಪುತ್ತದೆ. ಆದರೂ ಉರಿ ಕಂಡರೆ ಸಂಕೋಚ ಪಡದೆ ರೆಸಾರ್ಟಿನ ವೈದ್ಯರಿಗೆ ಹೇಳಿ. ಜ್ವರ, ಬೆನ್ನಿನ ಪಕ್ಕದಲ್ಲಿ ನೋವು ಸೇರಿಕೊಂಡರೆ ತಡ ಮಾಡಲೇಬೇಡಿ. ಗರ್ಭನಿರೋಧಕ ಮಾತ್ರೆ ನುಂಗುವವರು ವಾಂತಿ, ಭೇದಿ ಆದ ದಿನಗಳಲ್ಲಿ ಅದನ್ನು ಪೂರ್ತಿ ನಂಬುವಂತಿಲ್ಲ, ಕಾಂಡೋಮ್ ಜೊತೆಗಿರಲಿ.

ಉಷ್ಣವಲಯದ ದ್ವೀಪಗಳಲ್ಲಿ ಡೆಂಗಿ ಇದೆ. ಅದನ್ನು ಹರಡುವ ಸೊಳ್ಳೆ ಕಚ್ಚುವುದು ಹಗಲಲ್ಲಿ, ಆದ್ದರಿಂದ ಸೊಳ್ಳೆ ಕ್ರೀಮ್ ಬೆಳಿಗ್ಗೆಯೂ ಬೇಕು, ಅದೂ ಸನ್‌ಸ್ಕ್ರೀನ್ ಹಚ್ಚಿದ ಮೇಲೆ. ಜ್ವರ ಬಂದರೆ ಪ್ಯಾರಾಸಿಟಮಾಲ್ ಮಾತ್ರ, ಆಸ್ಪಿರಿನ್, ಐಬುಪ್ರೊಫೆನ್ ಬೇಡ. ಅವುಗಳಿಂದ ರಕ್ತಸ್ರಾವದ ಅಪಾಯ ಹೆಚ್ಚುತ್ತದೆ. ಬೇಗ ಮಗು ಬೇಕೆಂದಿರುವವರು ಹೋಗುವ ಜಾಗದಲ್ಲಿ ಗರ್ಭದ ಶಿಶುವಿಗೆ ಹಾನಿ ಮಾಡುವ ಝಿಕಾ ವೈರಸ್ ಇದೆಯೇ ಎಂದು ನೋಡಿಕೊಳ್ಳಿ. ಇದ್ದಲ್ಲಿಗೆ ಹೋಗಿ ಬಂದರೆ ಗಂಡಸರು 3 ತಿಂಗಳು, ಹೆಂಗಸರು 2 ತಿಂಗಳು ಕಾದ ಮೇಲೆ ಗರ್ಭಧಾರಣೆಗೆ ಪ್ರಯತ್ನಿಸಬೇಕೆಂಬುದು ಅಮೆರಿಕದ ರೋಗ ನಿಯಂತ್ರಣ ಸಂಸ್ಥೆ ಸಿಡಿಸಿ ಕೊಡುವ ಸಲಹೆ.

ಸ್ಪೀಡ್‌ಬೋಟಿನಲ್ಲಿ ಹೊಟ್ಟೆ ತೊಳಸುವವರು ಮಾತ್ರೆಯನ್ನು ದೋಣಿ ಹತ್ತುವ ಅರ್ಧ-ಒಂದು ಗಂಟೆ ಮೊದಲೇ ತೆಗೆದುಕೊಳ್ಳಿ, ಹಿಂಬದಿಯಲ್ಲಿ ಕೂತು ದಿಗಂತ ನೋಡಿ. ಮೂತಿಯ ಕಡೆ ಕುಲುಕಾಟ ಹೆಚ್ಚು.

ಹೆಜ್ಜೆ 7: ಮೊದಲ ದಿನ ಬಿಸಿಲಿಗೆ ಮೈ ಒಡ್ಡಬೇಡಿ

ಹೊಸ ಜೋಡಿಗಳು ಹೆಚ್ಚಾಗಿ ಕೆಡಿಸಿಕೊಳ್ಳುವುದು ಇಲ್ಲಿ. ಮುಖ ಕೆಳಗೆ ಮಾಡಿ ತೇಲುತ್ತ ಮೀನು ನೋಡುವಾಗ ನೀರು ತಂಪಾಗಿರುತ್ತದೆ, ಸುಡುವುದು ತಿಳಿಯುವುದೇ ಇಲ್ಲ. ಬೆನ್ನು, ಮೊಣಕಾಲಿನ ಹಿಂಭಾಗ, ಮೀನಖಂಡ, ಇಷ್ಟೂ ಮೇಲ್ಮುಖವಾಗಿ ಬಿಸಿಲಿಗೆ ಬಿದ್ದಿರುತ್ತವೆ. ನಮ್ಮದು ಒಂದೂವರೆ ಗಂಟೆ ಆಗಿತ್ತು. ಆ ರಾತ್ರಿ ನನ್ನವರಿಗೆ ಬೆನ್ನು ಕೆಳಗೆ ಮಾಡಿ ಮಲಗಲಾಗಲಿಲ್ಲ, ನನಗೆ ಹೊದಿಕೆ ಕಾಲಿಗೆ ತಾಗಿದರೂ ಉರಿ. ಒಬ್ಬರನ್ನೊಬ್ಬರು ಮುಟ್ಟುವಂತಿಲ್ಲದೆ ಎರಡು ರಾತ್ರಿ ಕಳೆದೆವು.

ತುಂಬುತೋಳಿನ ಈಜು ಅಂಗಿ, ಮೊಣಕಾಲು ದಾಟುವ ಲೆಗಿಂಗ್ಸ್ ಹಾಕಿದರೆ ಅರ್ಧ ಚಿಂತೆ ಹೋಯಿತು. ಉಳಿದ ಚರ್ಮಕ್ಕೆ ಎಸ್‌ಪಿಎಫ್ 30 ಅಥವಾ 50 ಎಂದು ಬರೆದಿರುವ ಸನ್‌ಸ್ಕ್ರೀನ್, ಎರಡು ಗಂಟೆಗೊಮ್ಮೆ, ನೀರಿನಿಂದ ಎದ್ದಾಗಲೆಲ್ಲ ಮತ್ತೆ. ಇಡೀ ಮೈಗೆ ಒಂದು ಸಲಕ್ಕೆ ಸುಮಾರು 30 ಮಿಲಿ ಬೇಕಾಗುವುದರಿಂದ ಇಬ್ಬರಿಗೆ 100 ಮಿಲಿಯ ಬಾಟಲಿ ಒಂದು ದಿನವೂ ಬರುವುದಿಲ್ಲ. ಬೆನ್ನಿಗೆ ಪರಸ್ಪರ ಹಚ್ಚಿಕೊಳ್ಳಿ, ಕಿವಿಯ ತುದಿ, ಪಾದದ ಮೇಲ್ಭಾಗ ಮರೆಯಬೇಡಿ. ಹವಳಕ್ಕೆ ಹಾನಿ ಮಾಡುವ ಆಕ್ಸಿಬೆನ್ಜೋನ್, ಆಕ್ಟಿನಾಕ್ಸೇಟ್ ಇರುವ ಸನ್‌ಸ್ಕ್ರೀನ್ ಮಾರಾಟವನ್ನು ಹವಾಯಿ 2021ರ ಜನವರಿಯಿಂದ ನಿಲ್ಲಿಸಿದೆ. ಪಲಾವ್ ಎಂಬ ದ್ವೀಪದೇಶ ಅದಕ್ಕೂ ಒಂದು ವರ್ಷ ಮೊದಲೇ ನಿಷೇಧ ತಂದಿತ್ತು. ಸತು (ಜಿಂಕ್) ಆಕ್ಸೈಡ್ ಇರುವುದನ್ನು ಕೊಳ್ಳಿ.

ಹೆಜ್ಜೆ 8: ನೀರಿಗಿಳಿಯುವುದು

ನೀರಿಗೆ ಮುಖವಿಟ್ಟು ಕೊಳವೆಯಿಂದ ಉಸಿರಾಡುತ್ತ ಮೀನು ನೋಡುವುದೇ ಸ್ನಾರ್ಕೆಲ್. ಅದರ ಮಾಸ್ಕ್ ಸರಿಯಾಗಿ ಕೂತರೆ ಉಳಿದದ್ದು ಸುಲಭ. ಪಟ್ಟಿಯನ್ನು ತಲೆಗೆ ಏರಿಸದೆ ಮಾಸ್ಕನ್ನು ಮುಖಕ್ಕೆ ಒತ್ತಿ, ಮೂಗಿನಿಂದ ಸಣ್ಣಗೆ ಉಸಿರು ಎಳೆದು ಕೈ ಬಿಡಿ. ಅಂಟಿಕೊಂಡೇ ನಿಂತರೆ ಅದು ನಿಮ್ಮದು, ಜಾರಿದರೆ ಬೇರೆ ಕೇಳಿ. ಕೂದಲೆಳೆ ಅಂಚಿಗೆ ಸಿಕ್ಕಿದ್ದರೂ ನೀರು ಒಸರುತ್ತದೆ. ಮೀಸೆ ಇದ್ದವರು ಮೂಗಿನ ಕೆಳಗೆ ತೆಳುವಾಗಿ ವ್ಯಾಸಲೀನ್ ಸವರಿಕೊಳ್ಳಲಿ. ಗಾಜು ಮಂಜಾಗದಿರಲು ಒಳಗೆ ಉಗುಳು ಸವರಿ ಒಮ್ಮೆ ತೊಳೆದರೆ ಸಾಕು, ಹಳೇ ಉಪಾಯ, ಇವತ್ತಿಗೂ ನಡೆಯುತ್ತದೆ.

ಮೊದಲ ಹತ್ತು ನಿಮಿಷ ಸೊಂಟದಷ್ಟು ನೀರಿನಲ್ಲಿ ನಿಂತು ಮುಖ ಮಾತ್ರ ಮುಳುಗಿಸಿ ಉಸಿರಾಡಿ. ಹೆದರುವವರ ಕೈ ಇನ್ನೊಬ್ಬರು ಹಿಡಿದಿರಲಿ. ನನಗೆ ಈಜು ಬರುತ್ತಿರಲಿಲ್ಲ. ಲೈಫ್ ಜಾಕೆಟ್ ತೊಟ್ಟು, ನನ್ನವರ ಬೆರಳು ಬಿಗಿ ಹಿಡಿದು ಮುಖ ಇಳಿಸಿದಾಗ ಮೊದಲು ಕೇಳಿಸಿದ್ದು ನನ್ನದೇ ಉಸಿರು, ಆಮೇಲೆ ಚಿಟಪಟ ಎಂಬ ಸಣ್ಣ ಸದ್ದು. ಹವಳದ ಸಂದಿಯಲ್ಲಿರುವ ಸೀಗಡಿಗಳ ಸದ್ದು ಅದು. ನಾಲ್ಕನೇ ಉಸಿರಿನ ಹೊತ್ತಿಗೆ ಬಿಗಿತ ತಾನಾಗಿ ಸಡಿಲವಾಯಿತು.

ನೀರಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಎಲ್ಲ ಸರಿ ಎನ್ನಲು ಹೆಬ್ಬೆರಳು, ತೋರುಬೆರಳು ಸೇರಿಸಿ ಸೊನ್ನೆ ಮಾಡಿ. ಹವಳದ ಮೇಲೆ ನಿಲ್ಲಬೇಡಿ, ಅದು ಜೀವ. ಅದರ ಗೀರು ಬೇಗ ಮಾಯುವುದೂ ಇಲ್ಲ. ಮರಳಿನಲ್ಲಿ ನಡೆಯುವಾಗ ಪಾದ ಎತ್ತಿಡದೆ ಸವರಿಕೊಂಡು ಹೋದರೆ ಹುದುಗಿರುವ ತೊರಕೆ ಮೀನು ದೂರ ಸರಿಯುತ್ತದೆ. ಕಲ್ಲಿನಂತೆ ಕಾಣುವ ವಿಷಮುಳ್ಳಿನ ಸ್ಟೋನ್‌ಫಿಶ್ ಚುಚ್ಚಿದರೆ ತಾಳುವಷ್ಟು ಬಿಸಿನೀರಿನಲ್ಲಿ ಪಾದ ಮುಳುಗಿಸಿ ವೈದ್ಯರನ್ನು ಕರೆಸಿ.

ಸೆಳವು ಎಳೆದರೆ ದಡದತ್ತ ಎದುರೀಜಬೇಡಿ. ತೇಲಿ, ಕೈ ಎತ್ತಿ ಕರೆಯಿರಿ, ದಡಕ್ಕೆ ಸಮಾನಾಂತರವಾಗಿ ಪಕ್ಕಕ್ಕೆ ಈಜಿ ಹೊರಬನ್ನಿ. ಒಬ್ಬರು ಸಿಕ್ಕಿಕೊಂಡಾಗ ಇನ್ನೊಬ್ಬರು ಬರಿಗೈಯಲ್ಲಿ ಹಿಂದೆ ಹಾರಬಾರದು. ತೇಲುವ ವಸ್ತು ಎಸೆದು ಸಹಾಯ ಕೂಗಿ. ಗಂಡ-ಹೆಂಡತಿ ಇದನ್ನು ದಡದಲ್ಲಿ ಇರುವಾಗಲೇ ಮಾತಾಡಿಕೊಂಡಿರಬೇಕು.

ಉಂಗುರಗಳನ್ನು ಕೋಣೆಯ ಸೇಫ್‌ನಲ್ಲಿಟ್ಟೇ ನೀರಿಗಿಳಿಯಿರಿ. ನೀರಿನಲ್ಲಿ ಬೆರಳು ತಂಪಾಗಿ ಸ್ವಲ್ಪ ಸಣ್ಣದಾಗುತ್ತದೆ, ಸನ್‌ಸ್ಕ್ರೀನ್ ಜಾರಿಕೆ ಬೇರೆ. ಹೊಸ ಉಂಗುರ ಬೆರಳಿಗೆ ಇನ್ನೂ ಒಗ್ಗಿರುವುದಿಲ್ಲ.

ಹೆಜ್ಜೆ 9: ಇಬ್ಬರ ಹೊತ್ತು

ದಿನಕ್ಕೆ ಒಂದೇ ಕಾರ್ಯಕ್ರಮ ಸಾಕು, ಒಂದು ಇಡೀ ದಿನ ಖಾಲಿ ಬಿಡಿ. ಭೂಮಧ್ಯರೇಖೆಯ ಹತ್ತಿರ ಸೂರ್ಯ ಮುಳುಗಿದ 20-25 ನಿಮಿಷದಲ್ಲಿ ಕತ್ತಲಾಗುತ್ತದೆ, ಆದ್ದರಿಂದ ಸಂಜೆಯ ನಡಿಗೆಗೆ ಐದೂಕಾಲಿಗೇ ಹೊರಡಿ.

ಮೊದಲ ರಾತ್ರಿಯೇ ಎಲ್ಲ ಆಗಬೇಕೆಂಬ ಹಟ ಬೇಡ. ಸುಸ್ತಾಗಿದ್ದರೆ ಸುಸ್ತಾಗಿದೆ ಎನ್ನಿ, ಹೆದರಿಕೆಯಿದ್ದರೆ ಹೇಳಿ, ಕೇಳಿದವರು ಅದನ್ನು ಮುನಿಸಿಲ್ಲದೆ ಒಪ್ಪಲಿ. ಮೂರನೇ ದಿನದ ಸುಮಾರಿಗೆ ಸಣ್ಣದೊಂದು ಜಗಳ ಬರುವುದು ನಾನು ಪ್ಲಾನ್ ಮಾಡಿಕೊಟ್ಟ ಅನೇಕ ಜೋಡಿಗಳಲ್ಲಿ ಆಗಿದೆ. ಇಪ್ಪತ್ನಾಲ್ಕು ಗಂಟೆ ಒಟ್ಟಿಗಿರುವುದು ಇಬ್ಬರಿಗೂ ಹೊಸದು. ದಿನಕ್ಕೆ ಒಂದು ಗಂಟೆ ಬೇರೆ ಬೇರೆ ಇರಿ. ಅವಳು ಓದಲಿ, ಅವನು ನಡೆದು ಬರಲಿ. ಮನೆಗೆ ಫೋನ್ ದಿನಕ್ಕೆ ಒಂದು ಹೊತ್ತು, ಇಬ್ಬರೂ ಒಟ್ಟಿಗೆ ಕೂತು ಮಾತಾಡಿ. ಫೋಟೊ ಹಾಕುವುದು ಮನೆಗೆ ಬಂದ ಮೇಲೆ ಇದ್ದೇ ಇದೆ.

ಹೆಜ್ಜೆ 10: ಹೊರಡುವ ಹಿಂದಿನ ದಿನ

ಸ್ಕೂಬಾ ಡೈವ್ ಮಾಡಿದವರು ಕೊನೆಯ ಡೈವ್‌ಗೂ ವಿಮಾನಕ್ಕೂ ನಡುವೆ ಕನಿಷ್ಠ 18 ಗಂಟೆ ಬಿಡಲೇಬೇಕು. ರಕ್ತದಲ್ಲಿ ಕರಗಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾದರೆ ಪ್ರಾಣಕ್ಕೇ ಅಪಾಯ. ಸೀಪ್ಲೇನ್ ಕೂಡ ವಿಮಾನವೇ. ಸ್ನಾರ್ಕೆಲ್ ಮಾಡುವವರಿಗೆ ಈ ಲೆಕ್ಕವಿಲ್ಲ. ಹವಳದ ಚೂರು ನೆನಪಿಗೆಂದು ಬ್ಯಾಗಿಗೆ ಹಾಕಬೇಡಿ, ಹಲವು ದೇಶಗಳಲ್ಲಿ ಅದು ಅಪರಾಧ. ಸೇಶೆಲ್ಸ್‌ನ ಕೊಕೊ ದ ಮೇರ್ ಕಾಯಿಯನ್ನು ತರಲೂ ಪರವಾನಗಿ ಪತ್ರ ಬೇಕು.

ರಾತ್ರಿ ಮಲಗುವ ಮುಂಚೆ, ಬೆಳಿಗ್ಗೆ ಮೆಟ್ಟಿಕೊಂಡು ಹೋಗುವ ಚಪ್ಪಲಿಯಲ್ಲಿ ಒಂದನ್ನು ಕವರಿನಲ್ಲಿ ಸುತ್ತಿ ಸೇಫ್‌ನೊಳಗೆ ಪಾಸ್‌ಪೋರ್ಟುಗಳ ಪಕ್ಕ ಇಟ್ಟುಬಿಡಿ. ಹೊರಡುವ ಗಡಿಬಿಡಿಯಲ್ಲಿ ಒಂಟಿ ಚಪ್ಪಲಿಯಲ್ಲಿ ದೋಣಿ ಹತ್ತಲಾಗುವುದಿಲ್ಲ. ಸೇಫ್ ತೆರೆಯುತ್ತೀರಿ, ಉಂಗುರಗಳು ಅಲ್ಲೇ ಇರುತ್ತವೆ. ಅವನದನ್ನು ಅವಳು, ಅವಳದನ್ನು ಅವನು ತೊಡಿಸಿ, ದೋಣಿಕಟ್ಟೆಯತ್ತ ನಡೆಯಿರಿ.